ಮುರುಡೇಶ್ವರಕ್ಕೆ ಬಂದ ಮಕ್ಕಳಿಗೆ ಇನ್ನೊಂದು ದಿನ ಕೊಡಿ: ಒಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ, ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ, ಪ್ರತಿ ಡಿಸೆಂಬರ್‌ನಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಕರಾವಳಿಗೆ ಇಳಿದು ಬರುವ ಮುಖ್ಯೋಪಾಧ್ಯಾಯರಿಗೆ,

ಕಳೆದ ಜನವರಿಯ ಒಂದು ಬೆಳಿಗ್ಗೆ ಮುರುಡೇಶ್ವರದ ಗೋಪುರದ ಬುಡದಲ್ಲಿ ಘಟ್ಟದ ಮೇಲಿನ ಯಾವುದೋ ಪ್ರೌಢಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ ಬಂದ ಕಣ್ಣುಗಳು, ಇಸ್ತ್ರಿ ಕೆಟ್ಟ ಸಮವಸ್ತ್ರ. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಸ್ಥಳೀಯಳೆಂದು ಗುರುತಿಸಿ ಒಬ್ಬ ಹುಡುಗಿ ಕೇಳಿದಳು: “ಅಜ್ಜಿ, ಈ ಗೋಪುರ ಕಟ್ಟುವ ಮೊದಲು ಇಲ್ಲಿ ಏನಿತ್ತು?” ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಶಿಕ್ಷಕರು ಸೀಟಿ ಊದಿದರು. ಹತ್ತು ಗಂಟೆಗೆ ಬಸ್ಸು ಗೋಕರ್ಣಕ್ಕೆ ಹೊರಡಬೇಕಿತ್ತು. ಆ ಶಿಕ್ಷಕರದು ತಪ್ಪೆಂದು ನಾನು ಹೇಳುವುದಿಲ್ಲ. ಮೂರು ದಿನಗಳಲ್ಲಿ ಏಳು ಊರು ತೋರಿಸಬೇಕಾದ ಹೊಣೆ ಏನೆಂದು ನನಗೆ ಗೊತ್ತು. ಮೂವತ್ತೊಂದು ವರ್ಷ ಈ ಕರಾವಳಿಯ ಶಾಲೆಗಳಲ್ಲಿ ಇತಿಹಾಸ ಕಲಿಸಿದವಳು ನಾನು. ನಾನೂ ಸೀಟಿ ಊದಿದ್ದೇನೆ.

ಆ ಹುಡುಗಿಗೆ ಹೇಳಲಾಗದ ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮುರುಡೇಶ್ವರ ಎಂದೂ ಒಂಟಿ ಊರಾಗಿರಲಿಲ್ಲ. ರಾವಣನ ಆತ್ಮಲಿಂಗದ ಕಥೆಯನ್ನೇ ನೋಡಿ. ಲಿಂಗ ನೆಲಕ್ಕೂರಿದ್ದು ಗೋಕರ್ಣದಲ್ಲಿ. ಅದನ್ನು ಕೀಳಲಾಗದೆ ರಾವಣ ಸಿಟ್ಟಿನಿಂದ ಎಸೆದ ಸಂಪುಟ, ಮುಚ್ಚಳ, ದಾರ, ಹೊದಿಕೆಗಳು ಬಿದ್ದಲ್ಲಿ ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರುಡೇಶ್ವರಗಳಾದವು ಎಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ಮಾತು. ಕಾರವಾರದಿಂದ ಭಟ್ಕಳದವರೆಗೆ ಚದುರಿದ ಐದು ಊರುಗಳನ್ನು ಒಂದೇ ಕಥೆಯ ದಾರದಲ್ಲಿ ಪೋಣಿಸಿದವರಿಗೆ ಈ ಕರಾವಳಿಯನ್ನು ನಡೆದೇ ಅರಿಯಬೇಕು ಎಂಬುದು ಗೊತ್ತಿತ್ತು. ನಾವು ಆ ದಾರದಿಂದ ಒಂದು ಮಣಿಯನ್ನು ಕಿತ್ತು ತೆಗೆದು, ಇದೊಂದನ್ನು ನೋಡಿ ಸಾಕು ಎನ್ನುತ್ತಿದ್ದೇವೆ.

123 ಅಡಿಯ ಶಿವನ ಮೂರ್ತಿ, 20 ಅಂತಸ್ತಿನ ಗೋಪುರ, ಲಿಫ್ಟಿನಲ್ಲಿ ಮೇಲೇರಿದರೆ ಕಾಣುವ ಕಡಲು. ಇವು ಜನರನ್ನು ಕರೆದು ತಂದಿವೆ, ಅದು ಒಳ್ಳೆಯದೇ. 2023ರಲ್ಲಿ ಬೆಂಗಳೂರಿನ ರೈಲು ಮಂಗಳೂರಿನಿಂದ ಮುಂದಕ್ಕೆ ಮುರುಡೇಶ್ವರದವರೆಗೂ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಬಂದವರು ಏನು ಮಾಡುತ್ತಾರೆ? ದೇವರಿಗೆ ಕೈಮುಗಿದು, ಫೋಟೊ ತೆಗೆದುಕೊಂಡು, ಉಳಿದ ಸಮಯವನ್ನೆಲ್ಲ ನೀರಿನಲ್ಲಿ ಕಳೆಯುತ್ತಾರೆ. ಬೇರೆ ಎಲ್ಲಿಗೆ ಹೋಗಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಈ ಕಡಲಿನಲ್ಲಿ ತೀರಿಕೊಂಡರು. ಅದಾದ ಮೇಲೆ ಜೀವರಕ್ಷಕರ ಬಗ್ಗೆ, ತಡೆಬೇಲಿಯ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಆಗಲೇಬೇಕಿತ್ತು. ಆದರೆ ಬಯಲುಸೀಮೆಯಿಂದ ಮೊದಲ ಬಾರಿ ಸಮುದ್ರ ಕಂಡ ಮಕ್ಕಳಿಗೆ ಇಡೀ ದಿನ ಸಮುದ್ರವನ್ನು ಬಿಟ್ಟು ಬೇರೇನನ್ನೂ ನಾವು ಕೊಡುತ್ತಿಲ್ಲ ಎಂಬ ಮಾತನ್ನು ಯಾರೂ ಆಡಲಿಲ್ಲ. ಅದನ್ನು ನಾನು ಈಗ ಆಡುತ್ತಿದ್ದೇನೆ.

ಮುರುಡೇಶ್ವರದಿಂದ ದಕ್ಷಿಣಕ್ಕೆ ಅರ್ಧ ಗಂಟೆಯೂ ಇಲ್ಲದ ದಾರಿಯಲ್ಲಿ ಭಟ್ಕಳವಿದೆ.

ಭಟ್ಕಳದ ಹೆಸರೆತ್ತಿದೊಡನೆ ಕೆಲವರ ಮುಖ ಬಿಗಿಯುತ್ತದೆ. ಪ್ರವಾಸದ ಪಟ್ಟಿಯಲ್ಲಿ ಆ ಊರನ್ನು ಸೇರಿಸಲು ಹಿಂಜರಿದ ಪೋಷಕರನ್ನೂ ಶಿಕ್ಷಕರನ್ನೂ ನಾನು ನೋಡಿದ್ದೇನೆ. ಸುದ್ದಿಯಲ್ಲಿ ಮಾತ್ರ ಭಟ್ಕಳವನ್ನು ಕಂಡವರು ಅವರು. ಊರನ್ನು ಕಾಲಿನಿಂದ ನೋಡಿದವರಿಗೆ ಬೇರೆಯೇ ಭಟ್ಕಳ ಕಾಣುತ್ತದೆ. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಎದುರು ಐದು ನಿಮಿಷ ಸುಮ್ಮನೆ ನಿಂತು ನೋಡಿ. 16ನೇ ಶತಮಾನದ ಕಟ್ಟಡ. ಗೋಡೆಯ ಮೇಲೆ ಕೈಯಗಲದ ಶಿಲ್ಪಪಟ್ಟಿಗಳಲ್ಲಿ ರಾಮಾಯಣದ ಕಥೆ. ಅದಕ್ಕಿಂತ ಮೊದಲು ಕಣ್ಣು ಹೋಗಬೇಕಾದದ್ದು ಮಾಡಿನ ಕಡೆಗೆ. ಘಟ್ಟದ ಮೇಲಿನ ಗುಡಿಗಳಂತೆ ಸಮತಟ್ಟಾದ ಚಾವಣಿಯಲ್ಲ, ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು. ನಮ್ಮ ಮನೆಗಳ ಹಂಚಿನ ಮಾಡು, ಹುಲ್ಲಿನ ಮಾಡು ಹೇಗೆ ಮಳೆನೀರನ್ನು ಜಾರಿಸಿ ಬಿಡುತ್ತವೆಯೋ ಅದನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಾಡಿನಲ್ಲಿ ಶಿಲ್ಪಿ ಮೊದಲು ಕೇಳಿಕೊಂಡ ಪ್ರಶ್ನೆ ನೀರು ಎಲ್ಲಿಗೆ ಹೋಗಬೇಕು ಎಂಬುದು. ಇದನ್ನು ತೋರಿಸಿದಾಗ ಎಂಟನೇ ತರಗತಿಯ ಮಕ್ಕಳ ಮುಖ ಅರಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಸನದ ಮಗು ಹೊಯ್ಸಳರ ಗುಡಿಯನ್ನು ನೋಡಿರುತ್ತದೆ, ವಿಜಯಪುರದ ಮಗು ಗುಮ್ಮಟವನ್ನು. ಮಳೆಯೇ ರೂಪ ಕೊಟ್ಟ ಗುಡಿಯನ್ನು ಅವು ನೋಡಿರುವುದಿಲ್ಲ.

ಅದೇ ಊರಿನಲ್ಲಿ ಜಟ್ಟಪ್ಪ ನಾಯಕ ಕಟ್ಟಿಸಿದ ಚಂದ್ರನಾಥ ಬಸದಿಯಿದೆ. ನಾವು ಬಸ್ತಿ ಎನ್ನುತ್ತೇವೆ. ಅದಕ್ಕೂ ಇದೇ ಇಳಿಜಾರು ಕಲ್ಲುಮಾಡು. ಪೇಟೆಯ ಕಡೆಗೆ ನಡೆದರೆ ಜನರ ಬಾಯಲ್ಲಿ ‘ಚಿನ್ನದ ಪಳ್ಳಿ’ ಎಂದೇ ಬಳಕೆಯಲ್ಲಿರುವ ಜಾಮಿಯಾ ಮಸೀದಿ. ಸುತ್ತಲ ಇಕ್ಕಟ್ಟಿನ ಕೇರಿಗಳಲ್ಲಿ ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಹಳೆಯ ಮನೆಗಳು. ಆ ಮನೆಗಳಲ್ಲಿ ಆಡುವ ನವಾಯತಿ ಮಾತಿನ ಬೇರು ಕೊಂಕಣಿಯದು, ಮೈತುಂಬ ಅರಬ್ಬಿ ಮತ್ತು ಪಾರಸಿ ಪದಗಳು. ಒಂದು ಭಾಷೆಯನ್ನು ಕೇಳಿಯೇ ಒಂದು ಬಂದರಿನ ಕಥೆಯನ್ನು ತಿಳಿಯಬಹುದು. ವಿಜಯನಗರದ ಅರಸರಿಗೆ ಪಾರಸಿ ಕೊಲ್ಲಿಯ ಹೊರ್ಮುಜ್ ಕಡೆಯಿಂದ ಬಂದ ಕುದುರೆಗಳು ಇಳಿದ ಬಂದರುಗಳಲ್ಲಿ ಭಟ್ಕಳವೂ ಒಂದು. ಹಂಪಿಯ ಮಹಾನವಮಿ ದಿಬ್ಬದ ಮೇಲೆ ಕೆತ್ತಿದ ಕುದುರೆಗಳ ಸಾಲನ್ನು ಮಕ್ಕಳು ಪಠ್ಯಪುಸ್ತಕದಲ್ಲಿ ನೋಡಿರುತ್ತಾರೆ. ಅಂಥ ಕುದುರೆಗಳು ಹಡಗಿನಿಂದ ನೆಲಕ್ಕೆ ಕಾಲಿಟ್ಟು ನಡುಗಿದ ಜಾಗ ಇದು. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜಾನ ಪಡೆ ಈ ಊರನ್ನು ಸುಟ್ಟಿತು. ಊರು ಮತ್ತೆ ಎದ್ದು ನಿಂತಿತು.

ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ನವಾಯತರ ಮನೆಗೆ ಹೋಗಿ ಆಹ್ವಾನ ಕೊಡುವ ಸಂಪ್ರದಾಯವೂ ಈ ಊರಿನದೇ. ಮಧ್ಯಾಹ್ನದ ಊಟಕ್ಕೆ ಭಟ್ಕಳದ ಬಿರಿಯಾನಿ ಇರಲಿ, ಸಸ್ಯಾಹಾರಿಗಳಿಗೆ ಗಂಜಿ, ಚಟ್ನಿ, ಅಪ್ಪೆಹುಳಿ ಇರಲಿ, ಹೆಣ್ಣುಮಕ್ಕಳ ಮುಡಿಗೆ ಒಂದು ಮೊಳ ಭಟ್ಕಳ ಮಲ್ಲಿಗೆ ಇರಲಿ. ಅಷ್ಟು ಸಾಕು, ಆ ಮಕ್ಕಳ ಮನಸ್ಸಿನಲ್ಲಿ ಭಟ್ಕಳ ಎಂಬ ಪದದ ಅರ್ಥ ಜೀವಮಾನಕ್ಕೆ ಬದಲಾಗುತ್ತದೆ.

ಭಟ್ಕಳದಿಂದ ಘಟ್ಟದ ಬುಡದತ್ತ ಹೋದರೆ ಹಾಡುವಳ್ಳಿ, ಶಾಸನಗಳ ಸಂಗೀತಪುರ. ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನು ಈ ಊರಿನ ಜೈನಮಠದ ಗುರುವಿನ ಶಿಷ್ಯ. ಅವನ ಶಬ್ದಾನುಶಾಸನ 1604ರದು. ಕನ್ನಡ ಎಂ.ಎ. ಓದುವವರೆಲ್ಲರೂ ಅವನ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆ ಮಠದ ಊರಿಗೆ ಹೋದವರು ಅವರಲ್ಲಿ ಎಷ್ಟು ಮಂದಿ?

ಉತ್ತರದ ದಾರಿ ಇನ್ನೂ ಸೊಗಸು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಎಲ್ಲ ಬಸ್ಸುಗಳೂ ದೌಡಾಯಿಸುತ್ತವೆ. ಆ ಅಳಿವೆಯ ದಡದಲ್ಲಿ ಇಳಿದು ನಿಂತರೆ ಹೇಳಬೇಕಾದ ಮಾತೊಂದಿದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಇಬ್ನ್ ಬತೂತಾ ಈ ಊರಿನಲ್ಲಿ ಹುಡುಗರ 23 ಶಾಲೆಗಳನ್ನೂ ಹುಡುಗಿಯರ 13 ಶಾಲೆಗಳನ್ನೂ ಕಂಡೆನೆಂದು ಬರೆದಿದ್ದಾನೆ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದಿದ್ದಾನೆ. ಸುಮಾರು ಏಳು ನೂರು ವರ್ಷಗಳ ಹಿಂದೆ ಹುಡುಗಿಯರ ಹದಿಮೂರು ಶಾಲೆಗಳು! ತರಗತಿಯಲ್ಲಿ ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗಿಯರೂ ತಲೆ ಎತ್ತುತ್ತಿದ್ದರು. ಪ್ರವಾಸಕ್ಕೆ ಬಂದ ಪ್ರತಿಯೊಬ್ಬ ಹುಡುಗಿಯೂ ಇದನ್ನು ಆ ನೀರಿನ ಪಕ್ಕದಲ್ಲೇ ಕೇಳಬೇಕೆಂಬುದು ನನ್ನ ಆಸೆ.

ಹೊನ್ನಾವರದಿಂದ ಹೊಳೆಯ ಪಕ್ಕದಲ್ಲೇ ಸುಮಾರು ಮೂವತ್ತು ಕಿಲೋಮೀಟರ್ ಮೇಲಕ್ಕೆ ಹೋದರೆ ಗೇರುಸೊಪ್ಪೆ. ಇಂದು ಆ ಹೆಸರು ಕೇಳಿದರೆ ಜನರಿಗೆ ನೆನಪಾಗುವುದು ಅಣೆಕಟ್ಟು ಮತ್ತು ವಿದ್ಯುತ್ತು. ಆದರೆ ನಗರಬಸ್ತಿಕೇರಿಯ ಕಾಡಿನ ನೆರಳಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಯಾವ ದಿಕ್ಕಿನಿಂದ ಒಳಗೆ ಬಂದರೂ ಎದುರಿಗೆ ತೀರ್ಥಂಕರ. ಇಲ್ಲಿಂದ ಆಳಿದವಳು ಚೆನ್ನಭೈರಾದೇವಿ. 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ. ಪೋರ್ಚುಗೀಸರು ಆಕೆಯನ್ನು ಕರೆದದ್ದು ಮೆಣಸಿನ ರಾಣಿ ಎಂದು, ಏಕೆಂದರೆ ಘಟ್ಟದ ಕಾಳುಮೆಣಸಿನ ಮೂಟೆಗಳು ಈ ಹೊಳೆಯಲ್ಲಿ ದೋಣಿಯೇರಿ ಕಡಲಿಗೆ ಇಳಿಯುವಾಗ ಬೆಲೆ ನಿಗದಿಯಾಗುತ್ತಿದ್ದದ್ದು ಆಕೆಯ ಮಾತಿನ ಮೇಲೆ. ಕೊನೆಗೆ ಕೆಳದಿಯವರು ಆಕೆಯನ್ನು ಸೆರೆಹಿಡಿದರು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ ಕೆಳದಿ ಅರಸರ ರಾಜಧಾನಿ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ದೋಣಿಯಲ್ಲಿ ಇದೇ ಹೊಳೆಯನ್ನು ಏರಿ ಬಂದ. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದ. ಗೇರುಸೊಪ್ಪೆಗೆ ಬಂದಾಗ ಕಂಡದ್ದು ಪಾಳುಬಿದ್ದ ಅರಮನೆ, ಅದರ ಮೇಲೆ ಬೆಳೆದ ಮರಗಳು, ಅಲ್ಲೊಂದು ಇಲ್ಲೊಂದು ಗುಡಿಸಲು. ರಾಣಿ ಅಳಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕಾಡು ಒಂದು ರಾಜಧಾನಿಯನ್ನು ಎಷ್ಟು ಬೇಗ ನುಂಗಬಲ್ಲದು ಎಂಬುದನ್ನು ನಾನು ಪಾಠಗಳಲ್ಲಿ ಹೇಳುತ್ತಿದ್ದೆ. ಆದರೆ ಆ ಕೇರಿಯ ದಾರಿಯಲ್ಲಿ, ಕಾಲಡಿಯ ತರಗೆಲೆಗಳ ಕೆಳಗೆ ಹಳೆಯ ಅಡಿಪಾಯದ ಕಲ್ಲುಗಳು ತಾಗುವಾಗ, ಹೇಳಬೇಕಾಗಿಯೇ ಬರುವುದಿಲ್ಲ. ಮಕ್ಕಳೇ ದನಿ ತಗ್ಗಿಸುತ್ತಾರೆ.

ಹೊನ್ನಾವರದ ಬಳಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಮರದ ಕಾಲುದಾರಿಯಿದೆ. ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಅಂತಾರಾಷ್ಟ್ರೀಯ ಮನ್ನಣೆಯಾದ ನೀಲಿ ಬಾವುಟ ಪಡೆದ ಕಾಸರಕೋಡು ಕಡಲತೀರವಿದೆ. ಕೆರೆಮನೆಯ ಯಕ್ಷಗಾನ ಮೇಳ 1934ರಿಂದ ನಡೆದುಕೊಂಡು ಬಂದ ಗುಣವಂತೆ ಇದೇ ದಾರಿಯಲ್ಲಿದೆ. ಗೋಕರ್ಣಕ್ಕೆ ಮುಂದುವರಿಯುವವರು ಹೇಗೂ ಮಿರ್ಜಾನ್ ಕೋಟೆಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಹೆದ್ದಾರಿಯಿಂದ ಕೂಗಳತೆಯ ದೂರ, ಚಿರೆಕಲ್ಲಿನ ಎರಡು ಸುತ್ತಿನ ಗೋಡೆ, ಮಳೆ ಬಿದ್ದ ಮೇಲೆ ಹಸಿರು ಹೊದ್ದ ಬುರುಜುಗಳು. ಅರ್ಧ ಗಂಟೆ ನಿಲ್ಲಿಸಿದರೆ ಮೆಣಸಿನ ರಾಣಿಯ ಕಥೆಯ ಇನ್ನೊಂದು ತುದಿ ಅಘನಾಶಿನಿಯ ದಡದಲ್ಲಿ ಸಿಗುತ್ತದೆ.

ದ್ವೀಪಗಳ ಬಗ್ಗೆ ನನ್ನ ಮಾತು ಬೇರೆ. ಹೊನ್ನಾವರದ ಎದುರಿಗೆ ಕಡಲಿನಲ್ಲಿ ಬಸವರಾಜದುರ್ಗ ಕಾಣುತ್ತದೆ. ಕೆಳದಿಯವರ ಕಾಲದ ಕೋಟೆಗೋಡೆ ಸುತ್ತುವರಿದ, ಮೇಲೆ ಮಟ್ಟಸವಾದ ದ್ವೀಪ. ಮುರುಡೇಶ್ವರದ ಗೋಪುರದಿಂದ ಪಶ್ಚಿಮಕ್ಕೆ ನೋಡಿದರೆ ನೇತ್ರಾಣಿ, ದಡದಿಂದ ಸುಮಾರು 19 ಕಿಲೋಮೀಟರ್. ಅದರ ಕೆಳಗಿನ ನೀರಿನಲ್ಲಿ ಹವಳವಿದೆ, ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ, ಮೀನುಗಾರರು ಹರಕೆ ಸಲ್ಲಿಸುವ ದೈವದ ಸ್ಥಾನವಿದೆ. ಅದೇ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದದ್ದೂ ಎಲ್ಲರಿಗೂ ಗೊತ್ತಿರುವ ಸಂಗತಿ. ನೇತ್ರಾಣಿಗೆ ಮುಳುಗುಕ್ರೀಡೆಯ ದೋಣಿಗಳು ಈಗಾಗಲೇ ಹೋಗುತ್ತಿವೆ. ಅಲ್ಲಿ ಜೆಟ್ಟಿ, ಉಪಾಹಾರ ಗೃಹ, ಮೆಟ್ಟಿಲು ಎಂದು ಯಾವ ಯೋಜನೆಯೂ ಬೇಡ. ಕೈಮುಗಿದು ಕೇಳುತ್ತೇನೆ, ಬೇಡ. ಹದ್ದು ಒಮ್ಮೆ ಗೂಡು ಬಿಟ್ಟರೆ ಯಾವ ಇಲಾಖೆಯೂ ಅದನ್ನು ಮರಳಿ ಕರೆತರಲಾರದು. ಮಕ್ಕಳಿಗೆ ದಡದಿಂದಲೇ ಆ ಎರಡು ದ್ವೀಪಗಳನ್ನು ಬೆರಳು ಮಾಡಿ ತೋರಿಸಿ, ಒಂದು ಒಳ್ಳೆಯ ದುರ್ಬೀನು ಕೊಡಿ. ಬಸವರಾಜದುರ್ಗಕ್ಕೆ ದೊಡ್ಡವರು ಹೋಗುವುದಾದರೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರಲಿ, ಪ್ರತಿಯೊಬ್ಬರ ಮೈಮೇಲೆ ಜೀವರಕ್ಷಕ ಅಂಗಿ ಇರಲಿ, ದೋಣಿ ನಡೆಸುವವರು ಅಲ್ಲಿನ ಅಲೆಯನ್ನು ಹುಟ್ಟಿನಿಂದ ಬಲ್ಲ ಮೀನುಗಾರರೇ ಆಗಿರಲಿ, ಮಳೆಗಾಲದಲ್ಲಿ ಒಂದು ದೋಣಿಯೂ ಹೊರಡದಿರಲಿ.

ಇನ್ನು ನನ್ನ ಬೇಡಿಕೆ. ಮುರುಡೇಶ್ವರದಿಂದ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಪ್ರತಿದಿನ ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು ಹೊರಡಲಿ. ಒಂದು ದಿನ ದಕ್ಷಿಣಕ್ಕೆ, ಭಟ್ಕಳ ಮತ್ತು ಹಾಡುವಳ್ಳಿ. ಮರುದಿನ ಉತ್ತರಕ್ಕೆ, ಹೊನ್ನಾವರ ಮತ್ತು ಗೇರುಸೊಪ್ಪೆ. ಸಂಜೆ ಐದಕ್ಕೆ ಮರಳಿ ಬಂದರೆ ಸೂರ್ಯಾಸ್ತವನ್ನು ಕಡಲತೀರದಲ್ಲೇ ನೋಡಬಹುದು. ಮಳೆಗಾಲದಲ್ಲಿ ಜೋಗಕ್ಕೆ ವಿಶೇಷ ಬಸ್ಸು ಓಡಿಸುವ ಅನುಭವ ನಮ್ಮ ಸಾರಿಗೆ ಸಂಸ್ಥೆಗಳಿಗೆ ಚೆನ್ನಾಗಿಯೇ ಇದೆ. ಹೊಸ ಕಟ್ಟಡ ಬೇಕಿಲ್ಲ. ಕಾಂಕ್ರೀಟಿನ ಹೊಸ ಪ್ರತಿಮೆ ಖಂಡಿತ ಬೇಕಿಲ್ಲ. ಬೇಕಾದದ್ದು ಬಸ್ಸಿನೊಳಗೆ ಕುಳಿತು ಕಥೆ ಹೇಳಬಲ್ಲ ಒಬ್ಬ ಮನುಷ್ಯ.

ಆ ಮನುಷ್ಯ ಎಲ್ಲಿಂದ ಬರಬೇಕು? ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳಲ್ಲಿ ಇತಿಹಾಸವನ್ನೋ ಕನ್ನಡವನ್ನೋ ಓದಿ ಕೆಲಸಕ್ಕಾಗಿ ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಲು ಸಾಲಿನಲ್ಲಿ ನಿಂತಿರುವ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಇಪ್ಪತ್ತು ಮಂದಿಯನ್ನು ಆರಿಸಿ ತರಬೇತಿ ಕೊಡಿ. ನವಾಯತ ಹುಡುಗಿಯೊಬ್ಬಳು ಕೇತಪೈ ದೇವಸ್ಥಾನದ ಮಾಡಿನ ಬಗ್ಗೆ ಹೇಳಲಿ, ನಾಮಧಾರಿ ಹುಡುಗನೊಬ್ಬ ಕುದುರೆ ವ್ಯಾಪಾರದ ಬಗ್ಗೆ ಹೇಳಲಿ, ಮೊಗೇರ ಹುಡುಗನೊಬ್ಬ ನೇತ್ರಾಣಿಯ ದೈವದ ಬಗ್ಗೆ ಹೇಳಲಿ. ಅವರಿಗೆ ತಿಂಗಳ ಸಂಬಳ ಇರಲಿ, ಬಕ್ಷೀಸಿನ ಮೇಲೆ ಬದುಕುವಂತಾಗಬಾರದು.

ಇನ್ನೊಂದು ಸಣ್ಣ ವಿಷಯ, ಸಣ್ಣದಾದರೂ ದಿನವನ್ನೇ ಕೆಡಿಸಬಲ್ಲದು. ಹಿಂದೊಮ್ಮೆ ನಲವತ್ತು ಮಕ್ಕಳನ್ನು ಕರೆದುಕೊಂಡು ಒಂದು ಹಳೆಯ ಸ್ಮಾರಕಕ್ಕೆ ಹೋದಾಗ ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಯಾರ ಬಳಿಯಿದೆ ಎಂದು ಹೇಳುವವರಿರಲಿಲ್ಲ. ಒಂದೂವರೆ ಗಂಟೆ ಬಿಸಿಲಿನಲ್ಲಿ ಕಾದು ಹೊರಗಿನ ಗೋಡೆಯನ್ನು ಮಾತ್ರ ನೋಡಿ ಮರಳಿದೆವು. ಹೆಣ್ಣುಮಕ್ಕಳಿಗೆ ಶೌಚಾಲಯವೂ ಇರಲಿಲ್ಲ. ಆದ್ದರಿಂದ ಬಸ್ಸು ಹೊರಡಿಸುವ ಮೊದಲು ಪ್ರತಿ ಸ್ಥಳದ ಬಾಗಿಲು ತೆರೆಯುವ ಹೊತ್ತನ್ನು ಖಚಿತಪಡಿಸಿ, ನೀರು ಮತ್ತು ಸ್ವಚ್ಛ ಶೌಚಾಲಯದ ವ್ಯವಸ್ಥೆ ಮಾಡಿ. ಕನ್ನಡದಲ್ಲಿ ಓದುವಂಥ ಒಂದು ಫಲಕ ನೆಡಿಸಿ. ‘ಈ ಸ್ಮಾರಕವನ್ನು ಹಾಳು ಮಾಡಿದವರಿಗೆ ದಂಡ’ ಎಂಬ ಫಲಕ ಹಲವು ಕಡೆ ಇದೆ. ಈ ಸ್ಮಾರಕ ಏನು ಎಂದು ಹೇಳುವ ಫಲಕವೂ ಅಷ್ಟೇ ದೊಡ್ಡ ಅಕ್ಷರದಲ್ಲಿರಲಿ.

ಮುಖ್ಯೋಪಾಧ್ಯಾಯರೇ, ನಿಮಗೊಂದು ಮಾತು. ಏಳು ಊರುಗಳನ್ನು ಮೂರಕ್ಕೆ ಇಳಿಸಿ. ಮಕ್ಕಳು ಬಸ್ಸಿನ ಕಿಟಕಿಯಿಂದ ನೋಡಿದ ಊರುಗಳ ಹೆಸರನ್ನು ಮನೆ ತಲುಪುವ ಮೊದಲೇ ಮರೆಯುತ್ತಾರೆ. ರಾತ್ರಿ ಪ್ರಯಾಣ ಕಡಿಮೆಯಾದರೆ ಚಾಲಕನಿಗೂ ನಿದ್ರೆ ಸಿಗುತ್ತದೆ, ನಿಮಗೂ ಸಿಗುತ್ತದೆ. ದಣಿದ ಶಿಕ್ಷಕರು ನೂರು ಮಕ್ಕಳನ್ನು ಅಲೆಗಳ ನಡುವೆ ಕಾಯುವುದು ಆಗುವ ಕೆಲಸವಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಅದೇ ದಣಿವನ್ನು ಉಂಡವಳಾಗಿ ಹೇಳುತ್ತಿದ್ದೇನೆ.

ಸಚಿವರೇ, ಜಿಲ್ಲಾಧಿಕಾರಿಗಳೇ, ಮಳೆಗಾಲ ಮುಗಿದು ಮುಂದಿನ ಪ್ರವಾಸದ ಕಾಲ ಶುರುವಾಗುವಷ್ಟರಲ್ಲಿ ಪ್ರಯೋಗಕ್ಕಾಗಿ ಒಂದೇ ಒಂದು ಬಸ್ಸನ್ನು, ವಾರಕ್ಕೆ ಎರಡೇ ದಿನವಾದರೂ ಸರಿ, ಓಡಿಸಿ ನೋಡಿ. ತರಬೇತಿ ಪಡೆದ ಮಾರ್ಗದರ್ಶಿಗಳು ಸಿದ್ಧರಾಗುವವರೆಗೆ ಕಥೆ ಹೇಳುವ ಕೆಲಸವನ್ನು ನಾನೂ ನನ್ನಂಥ ನಿವೃತ್ತ ಶಿಕ್ಷಕರು ಮೂವರೂ ಸಂಭಾವನೆಯಿಲ್ಲದೆ ಮಾಡಲು ಒಪ್ಪಿದ್ದೇವೆ. ಹೊರಡುವ ದಿನವನ್ನು ಒಂದು ವಾರ ಮೊದಲು ತಿಳಿಸಿದರೆ ಸಾಕು, ಏಳು ಗಂಟೆಗೇ ನಿಲ್ದಾಣದಲ್ಲಿರುತ್ತೇವೆ.

ಇತಿ,
ಹೊನ್ನಾವರ ತಾಲ್ಲೂಕಿನ ಒಬ್ಬ ನಿವೃತ್ತ ಇತಿಹಾಸ ಶಿಕ್ಷಕಿ